ಊರ ಶಾಲೆ: ಹಣ ಎಲ್ಲಿಂದ, ಹೊಣೆ ಯಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಸಣ್ಣ ಸರ್ಕಾರಿ ಶಾಲೆಗಳ ಬಗ್ಗೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 28 ಮಕ್ಕಳು. ಶಾಲಾ ಅನುದಾನ ಹತ್ತೇ ಸಾವಿರ ಅನ್ನುತ್ತಾರೆ ಮೇಷ್ಟ್ರು. ಪಕ್ಕದೂರಿನ ಶಾಲೆಗೆ ಇಪ್ಪತ್ತೈದು ಸಾವಿರವಂತೆ. ನಡುವೆ ಯಾರಾದರೂ ನುಂಗುತ್ತಿದ್ದಾರೆಯೇ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಹೊಸನಗರ ತಾಲ್ಲೂಕು

ಯಾರೂ ನುಂಗಿಲ್ಲ, ಮೇಷ್ಟ್ರು ಹೇಳಿದ್ದು ಸರಿ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನವನ್ನು ತಲೆ ಎಣಿಸಿ ಕೊಡುತ್ತಾರೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000. ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ನಿಮ್ಮಲ್ಲಿ ಇನ್ನು ಮೂರು ಮಕ್ಕಳು ಹೆಚ್ಚಿದ್ದರೆ ಅನುದಾನ ಎರಡೂವರೆ ಪಟ್ಟು ಆಗುತ್ತಿತ್ತು. ಹಂಚು ಒಡೆಯುವುದು, ಬಾವಿಯ ಪಂಪು ಸುಡುವುದು ಮಕ್ಕಳ ಸಂಖ್ಯೆ ನೋಡಿಕೊಂಡಲ್ಲ. ಹಾಗಾಗಿ ಸಣ್ಣ ಶಾಲೆಗಳೇ ಹೆಚ್ಚು ಇರುವ ಮಲೆನಾಡಿಗೆ ಈ ಪದ್ಧತಿ ಅನ್ಯಾಯ ಮಾಡುತ್ತದೆ ಎಂಬುದೇ ನಮ್ಮ ಅಭಿಪ್ರಾಯ.

ಎಣಿಕೆ ಯಾವ ದಿನದ್ದು ಎಂಬುದನ್ನೂ ಗಮನಿಸಿ. ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್ ದಾಖಲಾತಿಗೆ ಸೆಪ್ಟೆಂಬರ್ 30 ಆಧಾರ ದಿನ. ಅಡಿಕೆ ಕೊಯ್ಲಿಗೆಂದು ಬಯಲುಸೀಮೆಯಿಂದ ಅಕ್ಟೋಬರ್ ಮೇಲೆ ಬರುವ ಕೂಲಿಯವರ ಮಕ್ಕಳು ನಿಮ್ಮ ಶಾಲೆಯಲ್ಲೇ ಕೂತು ಕಲಿತರೂ ಆ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ತೊಡಕು ಮಕ್ಕಳ ದಾಖಲಾತಿ ಇಡುವ ಎಸ್‌ಎಟಿಎಸ್ ತಂತ್ರಾಂಶದ್ದು. ಖಾಸಗಿ ಶಾಲೆ ಬಿಟ್ಟು ಬಂದ ಮಗುವಿನ ವರ್ಗಾವಣೆ ಆನ್‌ಲೈನಿನಲ್ಲಿ ಆಗದಿದ್ದರೆ ಮಗು ನಿಮ್ಮ ಬೆಂಚಿನ ಮೇಲಿರುತ್ತದೆ, ಹೆಸರು ಹಳೆಯ ಶಾಲೆಯಲ್ಲಿರುತ್ತದೆ. ಶುಲ್ಕ ಬಾಕಿ ಎಂದು ಕೆಲವು ಶಾಲೆಗಳು ಟಿಸಿ ತಡೆಹಿಡಿಯುತ್ತವೆ. ಅಂಥ ಹೆಸರುಗಳನ್ನು ಆಗಸ್ಟ್‌ನಲ್ಲೇ ಪಟ್ಟಿ ಮಾಡಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಓಡಾಡಿದರೆ ಕೆಲಸವಾಗದು.

ಇನ್ನು ಖರ್ಚಿನ ಮಾತು. ಹತ್ತು ಸಾವಿರದಲ್ಲಿ ಕನಿಷ್ಠ ಶೇ. 10, ಅಂದರೆ 1,000 ರೂಪಾಯಿ ಸ್ವಚ್ಛತೆಗೆ ಹೋಗಬೇಕು. ಉಳಿದದ್ದು ಚಾಕ್‌ಪೀಸ್, ರಿಜಿಸ್ಟರು, ಕಲಿಕಾ ಸಾಮಗ್ರಿ, ಕುಡಿಯುವ ನೀರು, ಸಣ್ಣಪುಟ್ಟ ರಿಪೇರಿಗೆ. ಇದಲ್ಲದೆ ಕಿರಿಯ ಪ್ರಾಥಮಿಕಕ್ಕೆ ಕ್ರೀಡಾ ಸಾಮಗ್ರಿಗೆ 5,000, ಗ್ರಂಥಾಲಯಕ್ಕೆ 5,000 ರೂಪಾಯಿವರೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆಗಳಿವೆ. ಒಂದರ ಹಣವನ್ನು ಇನ್ನೊಂದಕ್ಕೆ ಬಳಸಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಖಚಿತ.

ಈಗ ಹಣ ಮೊದಲಿನ ಹಾಗೆ ಶಾಲೆಯ ಖಾತೆಗೆ ಬಂದು ಕೂರುವುದಿಲ್ಲ. ಸರ್ಕಾರಿ ಹಣ ನಿರ್ವಹಿಸುವ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಇಷ್ಟು ಖರ್ಚು ಮಾಡಬಹುದು ಎಂಬ ಮಿತಿ ಕಾಣಿಸುತ್ತದೆ, ಮಾರ್ಚ್ 31ರೊಳಗೆ ಬಳಸದ ಮಿತಿ ಕೈತಪ್ಪುತ್ತದೆ. ಮಿತಿ ಫೆಬ್ರುವರಿಯಲ್ಲಿ ಬಂದು, ಆಮೇಲೆ ಸಭೆ ಕರೆದು, ಕೊಟೇಶನ್ ತರಿಸಿ, ಅಷ್ಟರಲ್ಲಿ ವರ್ಷವೇ ಮುಗಿದುಹೋಗುವುದು ಎಲ್ಲ ಕಡೆ ಆಗುವ ಎಡವಟ್ಟು. ಜುಲೈ ಸಭೆಯಲ್ಲೇ ಏನೇನು ಬೇಕು ಎಂದು ಆದ್ಯತೆಯ ಮೇಲೆ ಬರೆದು ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿಟ್ಟುಕೊಳ್ಳಿ. ಹಣ ಬಂದ ವಾರದಲ್ಲಿ ಖರೀದಿ ಮುಗಿಸಬಹುದು. ಠರಾವು, ಬಿಲ್ಲು, ನಗದು ಪುಸ್ತಕ, ದಾಸ್ತಾನು ಪುಸ್ತಕ ಈ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ಹಣ ಬಳಕೆ ಪ್ರಮಾಣಪತ್ರ ಕೊಡುವುದು ಅದಾದ ಮೇಲೆ.

ನಿಮ್ಮ ಶಾಲೆಯ ದೊಡ್ಡ ಖರ್ಚು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಶಿಕ್ಷಕರ ಸಂಬಳ ಖಜಾನೆಯಿಂದ ಬಿಇಒ ಕಚೇರಿಯ ಮೂಲಕ ಹೋಗುತ್ತದೆ, ಪಠ್ಯಪುಸ್ತಕ ಮತ್ತು ಸಮವಸ್ತ್ರ ವಸ್ತುರೂಪದಲ್ಲೇ ಬರುತ್ತವೆ. ಈ ಹತ್ತು ಸಾವಿರ ಬರೀ ಕೈಖರ್ಚು.

ಮಾಡಿನ ರೀಪು, ಪಕಾಸು (ಹಂಚಿನಡಿಯ ಮರದ ಪಟ್ಟಿಗಳು) ಗೆದ್ದಲು ಹಿಡಿದಿವೆ. ಒಂದು ಕೋಣೆಯಲ್ಲಿ ಮಕ್ಕಳನ್ನು ಕೂರಿಸುವ ಹಾಗಿಲ್ಲ. ಎಸ್‌ಡಿಎಂಸಿಯೇ ಇಳಿಸಿ ಕಟ್ಟಿಸಬಹುದೇ?
— ಪೋಷಕರು, ತೀರ್ಥಹಳ್ಳಿ ತಾಲ್ಲೂಕು

ಬೇಡ. ಹಳೆಯ ಶಾಲೆಗಳ ಮಾಡಿನಲ್ಲಿ ಬೆಲೆಬಾಳುವ ಮರಮಟ್ಟು ಇರುತ್ತದೆ. ಅನುಮತಿಯಿಲ್ಲದೆ ಇಳಿಸಿದರೆ ಒಳ್ಳೆಯ ಕೆಲಸಕ್ಕೆ ಹೊರಟವರೇ ಕೇಸು ಹಾಕಿಸಿಕೊಳ್ಳುತ್ತಾರೆ. ಮೊದಲು ಮುಖ್ಯ ಶಿಕ್ಷಕರಿಂದ ಬಿಇಒಗೆ ಪತ್ರ. ಅಲ್ಲಿಂದ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದವರು ಬಂದು ನೋಡಿ, ದುರಸ್ತಿಗೆ ಆಗುವಂಥದ್ದಾದರೆ ಅಂದಾಜು ಪಟ್ಟಿ, ಆಗದಿದ್ದರೆ ಶಿಥಿಲ ಎಂದು ವರದಿ ಕೊಡುತ್ತಾರೆ. ಕೆಡವಲು ಅನುಮತಿ ಸಿಕ್ಕ ಮೇಲೆ ಹಳೆಯ ಸಾಮಾನಿನ ಮೌಲ್ಯ ಕಟ್ಟಿಸಿ ಹರಾಜು. ಅಷ್ಟು ಆಗುವವರೆಗೆ ಆ ಕೋಣೆಗೆ ಬೀಗ ಹಾಕಿ, ಹಾಕಿದ್ದನ್ನು ನಡಾವಳಿಯಲ್ಲಿ ಬರೆಯಿರಿ.

ಹಣ ಹುಡುಕಲು ದಾರಿಗಳು: ಜಿಲ್ಲಾ ಪಂಚಾಯಿತಿಯ ದುರಸ್ತಿ ಅನುದಾನ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಶಿವಮೊಗ್ಗದಲ್ಲೇ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ. ಇವರಲ್ಲಿ ಯಾರ ಬಳಿ ಹೋದರೂ ಮೊದಲು ಕೇಳುವುದು ಅಂದಾಜು ಪಟ್ಟಿಯನ್ನೇ. ಅದಿಲ್ಲದ ಮನವಿ ಫೈಲಿನಲ್ಲಿ ಮಲಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಶೌಚಾಲಯ, ಆಟದ ಮೈದಾನ ಆಗಿವೆ. ಹಂಚು ಬದಲಿಸಲು ಅದನ್ನು ನಂಬಿ ಕೂರಬೇಡಿ. ಗಾಳಿಮಳೆಗೆ ಮಾಡು ಹಾರಿದ್ದರೆ ವಿಪತ್ತು ಪರಿಹಾರ ನಿಧಿಯಿಂದ ದುರಸ್ತಿಗೆ ಅವಕಾಶವಿದೆ. ಆದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಆ ವಾರವೇ ಮಹಜರು ಮಾಡಿಸಬೇಕು. ಮಳೆಗಾಲ ಕಳೆದ ಮೇಲೆ ಹೋದರೆ ‘ಹಳೆಯ ಕಟ್ಟಡ’ ಎಂದು ಬದಿಗಿಡುತ್ತಾರೆ. ನಮ್ಮ ಕಡೆ ಮಾಡಿನ ಕೆಲಸಕ್ಕೆ ಸಿಗುವುದು ಏಪ್ರಿಲ್, ಮೇ ಎರಡೇ ತಿಂಗಳು. ಅಂದಾಜು ಪಟ್ಟಿ ನವೆಂಬರ್ ಹೊತ್ತಿಗಾದರೂ ಕೈಯಲ್ಲಿರಲಿ.

ಶಾಲೆಯ ಜಾಗ ಅರಣ್ಯ ಎಂದು ದಾಖಲೆಯಲ್ಲಿದೆ. ಹೊಸ ಕೋಣೆ ಮಂಜೂರಾದರೂ ಅರಣ್ಯ ಇಲಾಖೆ ತಡೆದಿದೆ.
— ಸಾಗರ ತಾಲ್ಲೂಕು

ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ನಿಮಗಾಗಿಯೇ ಇದ್ದ ಹಾಗಿದೆ. ಶಾಲೆ, ಅಂಗನವಾಡಿ, ಕುಡಿಯುವ ನೀರಿನಂಥ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಮೀನು ಕೊಡಲು ಅದರಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಬಹಳ ಅರ್ಜಿಗಳು ಬೀಳುವುದು ಈ ಶಿಫಾರಸಿನ ಹಂತದಲ್ಲೇ. ಗ್ರಾಮ ಪಂಚಾಯಿತಿ ಸದಸ್ಯರ ಸಭೆಯ ಠರಾವನ್ನು ಗ್ರಾಮಸಭೆಯ ಠರಾವು ಎಂದು ಲಗತ್ತಿಸಿರುತ್ತಾರೆ. ಎರಡೂ ಬೇರೆ ಬೇರೆ.

ನಮ್ಮಲ್ಲಿ ಇಬ್ಬರು ಶಿಕ್ಷಕರಿರಬೇಕು, ಒಬ್ಬರನ್ನು ಬೇರೆ ಕಡೆ ನಿಯೋಜಿಸಿದ್ದಾರೆ. ಅತಿಥಿ ಶಿಕ್ಷಕರನ್ನೂ ಕೊಡುತ್ತಿಲ್ಲ. ಎಸ್‌ಡಿಎಂಸಿಗೆ ಏನೂ ಅಧಿಕಾರವಿಲ್ಲವೇ?
— ಸೊರಬ ತಾಲ್ಲೂಕು

ವರ್ಗಾವಣೆ, ನೇಮಕ ಎಸ್‌ಡಿಎಂಸಿ ಕೈಯಲ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 21 ಅದಕ್ಕೆ ಕೊಟ್ಟಿರುವುದು ಮೂರು ಮುಖ್ಯ ಕೆಲಸ: ಶಾಲೆ ನಡೆಯುವ ಬಗೆಯ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಅನುದಾನದ ಖರ್ಚು ನೋಡುವುದು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಕಾಗದದಲ್ಲಿ ಇರುತ್ತಾರೆ, ಸಭೆಯಲ್ಲಿ ಕಾಣಿಸುವುದು ಕಡಿಮೆ.

ಆದರೂ ನಿಮ್ಮ ಕೈಯಲ್ಲಿ ಒಂದು ಬಲವಾದ ಆಧಾರವಿದೆ. ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅತಿಥಿ ಶಿಕ್ಷಕರನ್ನು ಕೊಡುವುದು ಖಾಲಿ ಹುದ್ದೆಗೆ. ನಿಯೋಜನೆಯ ಮೇಲೆ ಹೋದವರ ಹುದ್ದೆ ದಾಖಲೆಯಲ್ಲಿ ಭರ್ತಿಯಾಗಿಯೇ ಇರುತ್ತದೆ, ಸಂಬಳವೂ ನಿಮ್ಮ ಶಾಲೆಯ ಹೆಸರಲ್ಲೇ ಆಗುತ್ತಿರುತ್ತದೆ. ಹಾಗಾಗಿ ‘ಅತಿಥಿ ಶಿಕ್ಷಕರನ್ನು ಕೊಡಿ’ ಎನ್ನಬೇಡಿ, ‘ನಿಯೋಜನೆ ರದ್ದು ಮಾಡಿ’ ಎಂದು ಕೇಳಿ. ಅನುಸೂಚಿಯನ್ನು ಉಲ್ಲೇಖಿಸಿ ಬಿಇಒಗೆ ಬರೆಯಿರಿ, ಡಿಡಿಪಿಐಗೆ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಪ್ರತಿ ಇರಲಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕಲಂ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ದೂರು. 3 ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಏಳು ಮಕ್ಕಳಿದ್ದಾರೆ ಎಂದು ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸುತ್ತಾರೆಂಬ ಮಾತಿದೆ.
— ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಂದ ಹಲವರು

ನಿಯಮದಂತೆ 1ರಿಂದ 5ನೇ ತರಗತಿಗೆ ಶಾಲೆ ಒಂದು ಕಿಲೋಮೀಟರಿನೊಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರಿನೊಳಗೆ ಇರಬೇಕು. ವಾದ ಮಾಡಬೇಕಾದ್ದು ಈ ದೂರವನ್ನು ಅಳೆಯುವ ರೀತಿಯ ಮೇಲೆ. ನಕ್ಷೆಯಲ್ಲಿ ಎಂಟುನೂರು ಮೀಟರ್ ಕಾಣುವ ದಾರಿ ಜುಲೈನಲ್ಲಿ ಹಳ್ಳ ತುಂಬಿ, ಕಾಲುಸಂಕ ಮುಳುಗಿ, ಸುತ್ತು ಹಾಕಿದರೆ ಮೂರು ಕಿಲೋಮೀಟರ್ ಆಗುತ್ತದೆ. ಮಗುವಿನ ಮನೆಯಿಂದ ನಡೆಯುವ ದಾರಿ, ದಾಟುವ ಹಳ್ಳ, ಕಾಡಿನ ಭಾಗ, ಸಂಕ ಮುಳುಗುವ ತಿಂಗಳುಗಳು ಇಷ್ಟನ್ನು ಮನೆವಾರು ಬರೆದು, ದಿನಾಂಕವಿರುವ ಫೋಟೊ ಲಗತ್ತಿಸಿ, ಎಸ್‌ಡಿಎಂಸಿ ಮತ್ತು ಗ್ರಾಮಸಭೆ ಎರಡರ ಠರಾವಿನೊಂದಿಗೆ ಕೊಡಿ. ‘ನಮ್ಮೂರ ಶಾಲೆ ಉಳಿಸಿ’ ಎಂಬ ಭಾವನೆಯ ಮನವಿಗಿಂತ ಇದಕ್ಕೆ ತೂಕ ಹೆಚ್ಚು.

ಹಾಗೆಂದು ಎಲ್ಲ ವಿಲೀನವೂ ಕೆಟ್ಟದ್ದಲ್ಲ. ಐದು ತರಗತಿಗೆ ಒಬ್ಬರೇ ಶಿಕ್ಷಕರು, ಅವರೂ ತಿಂಗಳಿಗೆ ನಾಲ್ಕು ದಿನ ಮೀಟಿಂಗಿಗೆ ಹೋಗುವ ಕಡೆ ಮಕ್ಕಳು ಕಳೆದುಕೊಳ್ಳುವುದೇ ಹೆಚ್ಚು. ವಾಹನದ ವ್ಯವಸ್ಥೆ ಲಿಖಿತವಾಗಿ ಸಿಕ್ಕರೆ ಯೋಚಿಸಬಹುದು. ಬಾಯಿಮಾತಿನ ಭರವಸೆಗೆ ಒಪ್ಪಬೇಡಿ.

ಎಸ್‌ಎಸ್‌ಎಲ್‌ಸಿಯಲ್ಲಿ ಜಿಲ್ಲೆ ಮೇಲಿದೆ ಅನ್ನುತ್ತಾರೆ. ನಮ್ಮ ಪ್ರೌಢಶಾಲೆ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?
— ಶಿಕಾರಿಪುರ

ಜಿಲ್ಲೆಯ ಸ್ಥಾನ 2024ರಲ್ಲಿ 3, 2025ರಲ್ಲಿ 4. ಇದರಿಂದ ನಿಮ್ಮ ಶಾಲೆಯ ಬಗ್ಗೆ ಏನೂ ತಿಳಿಯದು. 25 ಮಕ್ಕಳು ಪರೀಕ್ಷೆಗೆ ಕೂರುವಲ್ಲಿ ಒಬ್ಬರು ಫೇಲಾದರೆ ಫಲಿತಾಂಶ ನೂರಕ್ಕೆ 4 ಇಳಿಯುತ್ತದೆ. ಹಾಗಾಗಿ ಒಂದು ವರ್ಷದ ಅಂಕಿ ಹಿಡಿದು ಮೇಷ್ಟರನ್ನು ಹೊಗಳುವುದೂ ತೆಗಳುವುದೂ ಸಲ್ಲ. 2024ರಲ್ಲಿ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೋಣೆಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವ್ಯವಸ್ಥೆ) ಬಂದು ನಕಲಿಗೆ ತಡೆ ಬಿತ್ತು. ಅದೇ ವರ್ಷ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ್ದರು, ಮರುವರ್ಷ ಅದನ್ನು ತೆಗೆದರು. ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕೇಳಬೇಕಾದ್ದು: ಮೂರು ವರ್ಷದ ವಿಷಯವಾರು ಫಲಿತಾಂಶ, ಅದರಲ್ಲೂ ಗಣಿತ, ವಿಜ್ಞಾನ, ಇಂಗ್ಲಿಷ್. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯದಕ್ಕೆ ನೋಂದಾಯಿಸಿದ್ದಾರೆ ಎಂಬುದನ್ನೂ ಕೇಳಿ. ನೂರಕ್ಕೆ ನೂರು ತೋರಿಸುವ ಶಾಲೆ ನಡುವೆ ಐದಾರು ಮಕ್ಕಳನ್ನು ಕಳೆದುಕೊಂಡಿದ್ದರೆ ಅದು ಸಾಧನೆಯೇನಲ್ಲ. ಕೆಳಗಿನ ತರಗತಿಯವರಿಗೆ ಸುಲಭದ ದಾರಿ ಇದೆ: 1ರಿಂದ 3ರವರೆಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೋಣೆಗೆ ಹೋಗಿ, ಕಲಿಕೆಯ ಹಂತ ತೋರಿಸುವ ಪ್ರಗತಿ ನೋಟದಲ್ಲಿ ನಿಮ್ಮ ಮಗು ಯಾವ ಮೈಲಿಗಲ್ಲಿನಲ್ಲಿದೆ ನೋಡಿ. ಎರಡು ತಿಂಗಳಾದರೂ ಅಲ್ಲೇ ನಿಂತಿದ್ದರೆ ಕಾರಣ ಕೇಳಿ.

ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ಎತ್ತಬಹುದೇ?
— ಭದ್ರಾವತಿ

ಇಲ್ಲ. 2022ರ ಅಕ್ಟೋಬರಿನಲ್ಲಿ ಅಂಥದ್ದೇ ಸುತ್ತೋಲೆ ಬಂದು, ವಿರೋಧ ಎದ್ದು, ಕೆಲವೇ ದಿನಗಳಲ್ಲಿ ವಾಪಸಾಯಿತು. ಯಾರಾದರೂ ತಾವಾಗಿಯೇ ಕೊಟ್ಟರೆ ರಸೀದಿ ಕೊಟ್ಟು ಎಸ್‌ಡಿಎಂಸಿ ಖಾತೆಗೆ ಜಮಾ ಮಾಡಿ. ಕೊಡದವರ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ.

ಬಿಸಿಯೂಟ ಸಾಲುತ್ತಿಲ್ಲ ಎಂದು ಮಗಳು ಹೇಳುತ್ತಾಳೆ. ಪರೀಕ್ಷಿಸುವುದು ಹೇಗೆ?
— ಸಾಗರ

ಹಾಜರಿ ಪುಸ್ತಕ ಮತ್ತು ತಕ್ಕಡಿ ಸಾಕು. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ಕ್ಕೆ ಕ್ರಮವಾಗಿ 150, 30, 75, 7.5. ಕೆಳಗಿನ ತರಗತಿಗಳ 40 ಮಕ್ಕಳು ಬಂದ ದಿನ ಅಕ್ಕಿ 4 ಕೆಜಿ, ಬೇಳೆ 800 ಗ್ರಾಂ, ತರಕಾರಿ 2 ಕೆಜಿ ಒಲೆಗೆ ಹೋಗಬೇಕು. ತೂಗಿ ಕೊಡುವಾಗ ನಿಂತು ನೋಡಿ. ಮಳೆಗಾಲದಲ್ಲಿ ಬೇರೆಯೇ ಕಾರಣವಿರಬಹುದು: ನೆಲದ ಮೇಲಿಟ್ಟ ಚೀಲ ಶೀತ ಹಿಡಿದು ಅಕ್ಕಿಗೆ ನುಸಿ ಬೀಳುತ್ತದೆ, ಆರಿಸಿ ಎಸೆದಷ್ಟೂ ಪಾತ್ರೆಯಲ್ಲಿ ಕಡಿಮೆ. ಗೋಡೆಯಿಂದ ಒಂದಡಿ ದೂರ, ಮರದ ಹಲಗೆಯ ಮೇಲೆ ಚೀಲ ಇಡಿಸಿ. ಹಾಳಾದ ಅಕ್ಕಿಯನ್ನು ತೂಗಿ ದಾಸ್ತಾನು ಪುಸ್ತಕದಲ್ಲಿ ಬರೆಸಿ, ಬದಲಿ ಕೇಳಲು ಅದೇ ದಾಖಲೆ.

ಮಳೆ ರಜೆ ಕೊಟ್ಟ ದಿನಗಳ ಪಾಠ ಏನಾಗುತ್ತದೆ?
— ತೀರ್ಥಹಳ್ಳಿ

ವರ್ಷಕ್ಕೆ 1ರಿಂದ 5ಕ್ಕೆ ಕನಿಷ್ಠ 200, 6ರಿಂದ 8ಕ್ಕೆ 220 ಕೆಲಸದ ದಿನಗಳು ಕಾಯ್ದೆಯಲ್ಲೇ ಇವೆ. ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನ ಅಥವಾ ರಜಾದಿನದ ತರಗತಿಯಲ್ಲಿ ತುಂಬಿಸುತ್ತಾರೆ. ಯಾವ ದಿನ ಎಂಬುದನ್ನು ಎಸ್‌ಡಿಎಂಸಿ ಜೊತೆ ಮಾತಾಡಿ ಮೊದಲೇ ಗೊತ್ತುಮಾಡುವುದು ಒಳ್ಳೆಯದು. ಶನಿವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ದೂರದ ಮಕ್ಕಳಿಗೆ ಸಂಜೆವರೆಗೆ ಬೇರೆ ಬಸ್ಸಿರುವುದಿಲ್ಲ.