ಸ್ಕಾಟ್ಲೆಂಡ್‌ನ ‘ಡೀರ್ ಫಾರೆಸ್ಟ್’ನಲ್ಲಿ ಎಷ್ಟೋ ಕಡೆ ಮರಗಳೇ ಇಲ್ಲ, ಮತ್ತೆ ಫಾರೆಸ್ಟ್ ಅನ್ನೋದು ಯಾಕೆ?

ಯಾಕೆಂದರೆ ‘ಫಾರೆಸ್ಟ್’ ಅಂದರೆ ಮೊದಲು ಮರಗಳ ಗುಂಪು ಅಂತ ಅರ್ಥ ಇರಲಿಲ್ಲ. ಬೇಟೆಗೆಂದು ಬೇರೆ ಇಟ್ಟ ಜಾಗಕ್ಕೆ ಆ ಹೆಸರು.

ಈ ಪದ ಲ್ಯಾಟಿನ್‌ನ ‘ಫೋರಿಸ್’, ಅಂದರೆ ‘ಹೊರಗೆ’ ಅನ್ನುವುದರಿಂದ ಬಂದದ್ದು ಎಂದು ಹೆಚ್ಚಿನ ಪಂಡಿತರು ಹೇಳುತ್ತಾರೆ. ನಾವು ದಿನಾ ಬಳಸುವ ‘ಫಾರಿನ್’ ಕೂಡ ಅದೇ ಬೇರಿನದು! ಊರಿನ ಸಾಮಾನ್ಯ ಕಟ್ಟಳೆಯ ಹೊರಗೆ, ರಾಜನ ಕೈಯಲ್ಲಿರುವ ನೆಲ ಅಂತ. 12ನೇ ಶತಮಾನದಲ್ಲಿ 1ನೇ ಡೇವಿಡ್ ರಾಜನ ಕಾಲಕ್ಕೆ ಇಂಥ ಬೇಟೆಯ ಕಾನೂನು ಸ್ಕಾಟ್ಲೆಂಡ್‌ಗೂ ಬಂತು. ಅಲ್ಲಿ ಮರ ಇರಬಹುದು, ಬರೀ ಬೋಳು ಗುಡ್ಡ, ಜೌಗು ನೆಲವೂ ಇರಬಹುದು. ಮುಖ್ಯವಾದದ್ದು ಜಿಂಕೆ.

19ನೇ ಶತಮಾನದಲ್ಲಿ ಸಿರಿವಂತರಿಗೆ ಜಿಂಕೆ ಬೇಟೆಯ ಹುಚ್ಚು ಜಾಸ್ತಿಯಾಯಿತು. ಸ್ಕಾಟ್ಲೆಂಡ್‌ನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನ ಎಷ್ಟೋ ಕುರಿ ಮೇಯುವ ಗುಡ್ಡಗಳು ‘ಡೀರ್ ಫಾರೆಸ್ಟ್’ ಆದವು. ತಮಾಷೆ ನೋಡಿ, ಹೀಗೆ ಕಾಪಾಡಿದ ಕೆಂಪು ಜಿಂಕೆಗಳು ಹೊಸ ಸಸಿಗಳನ್ನು ಮೇಯುತ್ತವೆ. ಹಾಗಾಗಿ ಬೇಲಿ ಹಾಕದಿದ್ದರೆ ಎಷ್ಟೋ ಕಡೆ ಮರ ಮೇಲೇಳುವುದೇ ಇಲ್ಲ. ಅಲ್ಲಿನ ಸದರ್ಲೆಂಡ್ ಸೀಮೆಯ ‘ರೇ ಫಾರೆಸ್ಟ್’ ಹೆಸರು ನಕ್ಷೆಯಲ್ಲಿ ಕಂಡು ದಟ್ಟ ಕಾಡು ಅಂದುಕೊಳ್ಳಬೇಡಿ. ಅಲ್ಲಿ ಹೆಚ್ಚಾಗಿ ಕಾಣುವುದು ಕಲ್ಲು, ಹುಲ್ಲು, ನೀರು.