ಬಾನೆಟ್ ಎತ್ತಿ: ಕಾಗದ ಆಮೇಲೆ, ಕಂಪ್ರೆಷನ್ ಮೊದಲು

ಹೋದ ಸಂಚಿಕೆಯಲ್ಲಿ ನನ್ನ ಹಳೆ ಆರ್‌ಎಕ್ಸ್-8 ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಮಜ್ದಾ ಕಂಪನಿಯ ಈ ರೋಟರಿ ಇಂಜಿನ್ ಕಾರಿನ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಆದರೂ ನಮ್ಮ ಹುಡುಗರು ಅದನ್ನು ಹುಡುಕಿಕೊಂಡು ಹೋಗುವುದು ನಿಂತಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೆ ಮತ್ತು ವಾರಂಟಿಗೆ. ಟೈರ್ ಮತ್ತು ಎಸಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕ, 2009ರ ಮಾಡೆಲ್ ಆರ್‌ಎಕ್ಸ್-8 ಒಂದು ನೋಡಿದ್ದೇನೆ. 62 ಸಾವಿರ ಮೈಲಿ ಓಡಿದೆ. 8,500 ಡಾಲರ್ ಹೇಳುತ್ತಿದ್ದಾರೆ. ಇನ್ನೂ 2,800 ಕೊಟ್ಟರೆ ಮೂರು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಸಿಗುತ್ತದಂತೆ. "ಈ ಕಾರಿನ ಇಂಜಿನ್ ವಾರಂಟಿಯನ್ನು ಕಂಪನಿಯೇ ಎಂಟು ವರ್ಷಕ್ಕೆ ಏರಿಸಿತ್ತು, ಧೈರ್ಯವಾಗಿ ತಗೊಳ್ಳಿ" ಅನ್ನುತ್ತಾನೆ ಮಾರುವವನು. ನನ್ನ ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಏನು ಮಾಡಲಿ? (ಡಲ್ಲಾಸ್)

ಮೊದಲು ಮಾರುವವನ ಮಾತು ನೋಡೋಣ. ಅವನು ಹೇಳಿದ್ದು ನಿಜ, ಆದರೆ ನಿಮ್ಮ ಕಾರಿಗೆ ಅಲ್ಲ. ಅಮೆರಿಕದಲ್ಲಿ ಮಜ್ದಾ ಹೀಗೆ ವಾರಂಟಿ ಏರಿಸಿದ್ದು 2004ರಿಂದ 2008ರವರೆಗಿನ ಮಾಡೆಲ್‌ಗಳಿಗೆ ಮಾತ್ರ. ಕಾರು ಮೊದಲ ಸಲ ಮಾರಾಟವಾದ ದಿನದಿಂದ ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿ, ಯಾವುದು ಮೊದಲು ಮುಗಿಯುತ್ತೋ ಅದು. ಬೆರಳು ಮಡಚಿ ಎಣಿಸಿ. 2008ರ ಕಾರಿಗೂ ಆ ವಾರಂಟಿ ಮುಗಿದು ಎಷ್ಟೋ ಕಾಲವಾಯಿತು. ನೀವು ನೋಡಿರುವ 2009ರ ಕಾರಿಗೆ ಇದ್ದದ್ದು ಮಾಮೂಲಿ ಐದು ವರ್ಷ ಅಥವಾ 60 ಸಾವಿರ ಮೈಲಿ. ಅದೂ ಹೋಯಿತು. ಅಂದರೆ ಕಂಪನಿ ಕಡೆಯಿಂದ ಈಗ ನಿಮಗೆ ಏನೂ ಇಲ್ಲ.

ಇನ್ನು ಆ 2,800 ಡಾಲರ್ ಕಾಗದ. ನ್ಯೂಜೆರ್ಸಿಯ ಎಡಿಸನ್ ಹತ್ತಿರ ಒಂದು ಸರ್ವಿಸ್ ಸೆಂಟರ್‌ನ ಕೌಂಟರಿನಲ್ಲಿ ನಾನು ಹದಿನಾಲ್ಕು ವರ್ಷ ಕೂತಿದ್ದೆ. ಇಂಥ ಕಾಗದಗಳನ್ನು ಓದಿ ಓದಿ ಕಣ್ಣಿನ ನಂಬರ್ ಏರಿದೆ. ಅದಕ್ಕೆ ವಾರಂಟಿ ಅನ್ನುವ ಹೆಸರೇ ಸರಿಯಲ್ಲ. ಅದು ಬೇರೆ ಯಾವುದೋ ಕಂಪನಿ ಮಾರುವ ಸರ್ವಿಸ್ ಕರಾರು. ಅದರಲ್ಲಿ ಇಂಜಿನ್ "ಕೆಟ್ಟರೆ" ದುಡ್ಡು ಕೊಡುತ್ತೇವೆ ಅಂತ ಇರುತ್ತದೆ, "ಸವೆದರೆ" ಕೊಡುವುದಿಲ್ಲ ಅಂತಲೂ ಇರುತ್ತದೆ. ರೋಟರಿ ಇಂಜಿನ್‌ಗೆ ಸಮಸ್ಯೆ ಇರುವುದೇ ಇಲ್ಲಿ. ಅದು ಸಾಮಾನ್ಯವಾಗಿ ಢಬ್ ಅಂತ ಒಡೆದು ನಿಲ್ಲುವ ಇಂಜಿನ್ ಅಲ್ಲ. ನಿಧಾನವಾಗಿ ಸುಸ್ತಾಗುತ್ತಾ ಹೋಗುತ್ತದೆ.

ಒಬ್ಬ ಹುಡುಗ ಇಂಥದ್ದೇ ಕರಾರು ಹಿಡಿದುಕೊಂಡು ನಮ್ಮ ಕೌಂಟರಿಗೆ ಬಂದಿದ್ದ. ಬೆಳಗ್ಗೆ ಕಾರು ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲ್ ಹಾಕಿಸಲು ಐದು ನಿಮಿಷ ನಿಲ್ಲಿಸಿದರೆ ಮತ್ತೆ ಏಳುತ್ತಿರಲಿಲ್ಲ. ಕರಾರಿನ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ: "ಇಂಜಿನ್ ತಿರುಗುತ್ತಾ?" ತಿರುಗುತ್ತೆ ಅಂದೆ. "ಮತ್ತೆ ಕೆಟ್ಟಿರುವುದೇನು?" ಅಂದ. ಆಮೇಲೆ ಇಂಜಿನ್ ಇಳಿಸಿ ಬಿಚ್ಚಿ ತೋರಿಸಿ ಅಂದರು. ಬಿಚ್ಚುವ ಕೂಲಿ ಹುಡುಗನದ್ದು, ಕ್ಲೇಮ್ ಒಪ್ಪಿದರೆ ಮಾತ್ರ ವಾಪಸ್. ಅದಾದ ಮೇಲೆ ಆಯಿಲ್ ಬದಲಿಸಿದ ರಸೀದಿ ಕೇಳಿದರು. ಪಾಪ, ಅವನು ಮನೆಯ ಮುಂದೆ ತಾನೇ ಮಲಗಿಕೊಂಡು ಆಯಿಲ್ ಬದಲಿಸುತ್ತಿದ್ದವನು. ನೀಟಾಗಿಯೇ ಮಾಡುತ್ತಿದ್ದ. ಆದರೆ ಡಬ್ಬ ತಂದ ಅಂಗಡಿಯ ಚೀಟಿ ಒಂದೂ ಇಟ್ಟುಕೊಂಡಿರಲಿಲ್ಲ. ಅಲ್ಲಿಗೆ ಮುಗಿಯಿತು.

ಹಾಗಾಗಿ ಆ ಕಾಗದಕ್ಕೆ ಸಹಿ ಹಾಕುವ ಮೊದಲು ಕಾರಿನ ಕಂಪ್ರೆಷನ್, ಅಂದರೆ ಇಂಜಿನ್ ಒಳಗೆ ಒತ್ತಡ ಎಷ್ಟು ನಿಲ್ಲುತ್ತದೆ ಅನ್ನುವುದನ್ನು ನೋಡಿಸಿ. ಕಾರು ತೆಗೆದುಕೊಳ್ಳುವ ಮೊದಲು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಈ ಇಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ಒರಳಿನಲ್ಲಿ ಗುಂಡು ತಿರುಗುವ ಹಾಗೆ ಮೂರು ಮೂಲೆಯ ಒಂದು ರೋಟರ್ ಒಳಗೆ ತಿರುಗುತ್ತದೆ. ಅಂಥವು ಎರಡು, ಒಂದೊಂದೂ 654 ಸಿಸಿ. ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಲೋಹದ ಪಟ್ಟಿ, ಅದರ ಹಿಂದೆ ಸ್ಪ್ರಿಂಗ್. ಇದೇ ಏಪೆಕ್ಸ್ ಸೀಲ್. ಅದು ಸದಾ ಗೋಡೆಗೆ ಒತ್ತಿಕೊಂಡಿದ್ದರೆ ಮಾತ್ರ ಒಳಗೆ ಒತ್ತಡ ನಿಲ್ಲುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಏನಾಗುತ್ತೆ? ಒಲೆ ಉರಿಯುತ್ತೆ, ನೀರು ಕುದಿಯುತ್ತೆ, ಸೀಟಿ ಮಾತ್ರ ಬರಲ್ಲ. ಇಲ್ಲೂ ಅಷ್ಟೇ.

ಒಂದು ರೋಟರಿಗೆ ಮೂರು ಮುಖ, ಎರಡು ರೋಟರಿಗೆ ಆರು. ನಿಮ್ಮ ಕೈಗೆ ಆರು ನಂಬರ್ ಬರಬೇಕು. ಮಾಮೂಲಿ ಗ್ಯಾರೇಜಿನ ಕಂಪ್ರೆಷನ್ ಗೇಜ್ ಇದಕ್ಕೆ ಸಾಲದು. ಅದು ಮೂರರಲ್ಲಿ ಜಾಸ್ತಿ ಇರುವುದನ್ನು ಮಾತ್ರ ಹಿಡಿದು ತೋರಿಸುತ್ತದೆ. ಮೂವರು ಮಕ್ಕಳಿರುವ ಮನೆಯಲ್ಲಿ ಬುದ್ಧಿವಂತನ ಮಾರ್ಕ್ಸ್ ಕಾರ್ಡ್ ಮಾತ್ರ ತಂದು ತೋರಿಸಿದ ಹಾಗೆ. ರೋಟರಿಗೆ ಅಂತಲೇ ಬೇರೆ ಟೆಸ್ಟರ್ ಇದೆ, ಅದು ಇರುವ ಕಡೆಗೇ ಹೋಗಿ. ಇಂಜಿನ್ ಬಿಸಿಯಾಗಿರಬೇಕು. ಓದಿದ ಅಂಕಿಯನ್ನು ನಿಮಿಷಕ್ಕೆ 250 ಸುತ್ತಿನ ಲೆಕ್ಕಕ್ಕೆ ಹೊಂದಿಸಿ ಕೊಡಬೇಕು. ಆರರಲ್ಲಿ ಯಾವುದೂ 680 ಕಿಲೋಪ್ಯಾಸ್ಕಲ್‌ಗಿಂತ ಕೆಳಗಿರಬಾರದು. ಒಂದೇ ರೋಟರಿನ ಮೂರು ಮುಖಗಳ ನಡುವೆ 150ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಎರಡು ರೋಟರ್‌ಗಳ ನಡುವೆ 100ಕ್ಕಿಂತ ಜಾಸ್ತಿ ಇರಬಾರದು. 690, 700 ಅಂತ ಬಂದರೆ ಪಾಸಾಯಿತು ಅಂತ ಕುಣಿಯಬೇಡಿ. ಅದು ಜಸ್ಟ್ ಪಾಸು.

ಇದಕ್ಕೆ ಮಾರುವವನು ಒಪ್ಪದಿದ್ದರೆ ಹೆಂಡತಿಯ ಮಾತು ಕೇಳಿ, ಎದ್ದು ಬನ್ನಿ. ಒಪ್ಪಿ, ಅಂಕಿ ಚೆನ್ನಾಗಿ ಬಂದರೆ ಕಾರು ತೆಗೆದುಕೊಳ್ಳಿ. ಆ 2,800 ಡಾಲರನ್ನು ಬೇರೆ ಖಾತೆಯಲ್ಲಿ ಹಾಕಿ ಮುಟ್ಟದೆ ಇಡಿ. ಅದರಲ್ಲಿ ಮೊದಲು ಪ್ಲಗ್‌ನಲ್ಲಿ ಕಿಡಿ ಹುಟ್ಟಿಸುವ ನಾಲ್ಕು ಇಗ್ನಿಷನ್ ಕಾಯಿಲ್, ನಾಲ್ಕು ಪ್ಲಗ್ ಬದಲಿಸಿ. ಕಾಯಿಲ್ ಸೋತರೆ ಪೆಟ್ರೋಲ್ ಒಳಗೆ ಪೂರ್ತಿ ಉರಿಯದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕಟ್ಟಿಕೊಂಡರೆ ಬಿಸಿ ಹಿಂದಕ್ಕೆ ತಿರುಗಿ ಸೀಲ್‌ಗಳನ್ನು ತಿನ್ನುತ್ತದೆ. ಕೆಲವು ನೂರು ಡಾಲರ್ ಉಳಿಸಲು ಹೋಗಿ ಇಂಜಿನ್ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಂಪನಿ ತಾನಾಗಿಯೇ ವಾರಂಟಿ ಹೆಚ್ಚಿಸಿತು ಅಂದರೆ, ಇಂಜಿನ್ ಸರಿ ಇಲ್ಲ ಅಂತ ಒಪ್ಪಿಕೊಂಡ ಹಾಗಲ್ವಾ? ಇಂಥ ಇಂಜಿನ್ ಯಾಕಾದರೂ ಮಾಡಬೇಕಿತ್ತು? (ಟೊರೊಂಟೊ)

ಒಪ್ಪಿಕೊಂಡ ಹಾಗೇ. ಆದರೆ ಒಪ್ಪಿಕೊಳ್ಳದೆ ಕೂತಿದ್ದರೆ ಚೆನ್ನಾಗಿತ್ತಾ? ನಿಮ್ಮ ಕೆನಡಾದಲ್ಲೂ ಒಂದು ಲಕ್ಷ 60 ಸಾವಿರ ಕಿಲೋಮೀಟರ್‌ವರೆಗೆ ಕೊಟ್ಟರು. ಇಂಜಿನ್ ಕೋರ್, ಅಂದರೆ ರೋಟರ್, ಅದು ತಿರುಗುವ ಹೌಸಿಂಗ್ (ಹೊರಕವಚ), ಒಳಗಿನ ಸೀಲ್‌ಗಳು ಅದರಲ್ಲಿ ಸೇರಿದ್ದವು. ಇದು ದೊಡ್ಡ ಮಾತು.

ಹಿಂದೆ ಜರ್ಮನಿಯಲ್ಲಿ ಆದದ್ದು ಗೊತ್ತಿದ್ದರೆ ನೀವೂ ಹಾಗೇ ಹೇಳುತ್ತೀರಿ. ಫೆಲಿಕ್ಸ್ ವಾಂಕೆಲ್ ಯೋಚಿಸಿದ ಈ ಇಂಜಿನ್ ಹಾಕಿ ಎನ್‌ಎಸ್‌ಯು ಕಂಪನಿ 1967ರಲ್ಲಿ ರೋ 80 ಅನ್ನುವ ಕಾರು ಬಿಟ್ಟಿತು. ಯುರೋಪಿನಲ್ಲಿ 1968ರ ವರ್ಷದ ಕಾರು ಅಂತ ಪ್ರಶಸ್ತಿ ಬೇರೆ. ಆದರೆ ಸೀಲ್‌ಗಳು ಬೇಗ ಸವೆದವು. ವಾರಂಟಿಯಲ್ಲಿ ಇಂಜಿನ್ ಬದಲಿಸಿ ಬದಲಿಸಿ ಕಂಪನಿಯ ಕೈ ಖಾಲಿಯಾಯಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಕೈಗೆ ಹೋಗಿ ಆಡಿ ಜೊತೆ ಸೇರಿತು. ರೋ 80 ಓಡಿಸುವವರು ದಾರಿಯಲ್ಲಿ ಎದುರಾದರೆ ಬೆರಳೆತ್ತಿ ತೋರಿಸುತ್ತಿದ್ದರಂತೆ: ನನ್ನದು ಎರಡನೇ ಇಂಜಿನ್, ನಿನ್ನದು? ಮೂರನೆಯದು!

ಮಜ್ದಾದವರು ಅದೇ 1967ರಲ್ಲಿ ಇದೇ ಬಗೆಯ ಇಂಜಿನ್ ಹಾಕಿ ಕಾಸ್ಮೊ ಸ್ಪೋರ್ಟ್ ಕಾರು ತಂದರು. ಅವರ ಇಂಜಿನಿಯರ್ ಕೆನಿಚಿ ಯಮಮೊಟೊ ತಂಡಕ್ಕೆ ಹಿರೋಷಿಮಾದಲ್ಲಿ ತಲೆನೋವಾಗಿದ್ದದ್ದು ಇದೇ ಸೀಲ್. ಹೌಸಿಂಗಿನ ಒಳಗೋಡೆಯಲ್ಲಿ ಗೀರು ಮೂಡುತ್ತಿದ್ದವು. ಅದಕ್ಕೆ ಅವರು ಇಟ್ಟ ಹೆಸರು "ದೆವ್ವದ ಉಗುರು". ಬೇರೆಯವರೆಲ್ಲ ಕೈಬಿಟ್ಟರೂ ಇವರು ಬಿಡಲಿಲ್ಲ. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲ ಮಾನ್ ರೇಸಿನಲ್ಲಿ 24 ಗಂಟೆ ಓಡಿ ಗೆದ್ದಿತು. ಆರ್‌ಎಕ್ಸ್-8ರ ರೆನೆಸಿಸ್ ಇಂಜಿನ್‌ಗೂ 2003ರಲ್ಲಿ ವರ್ಷದ ಇಂಜಿನ್ ಅನ್ನುವ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. 1.3 ಲೀಟರ್ ಇಂಜಿನ್ ನಿಮಿಷಕ್ಕೆ 9,000 ಸುತ್ತಿನವರೆಗೆ ಏರುವುದನ್ನು ಒಮ್ಮೆ ಕೇಳಿ ನೋಡಿ. ನಮ್ಮಪ್ಪ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಇಲ್ಲಿಗೆ ಬಂದಾಗ ನನ್ನ ಕಾರಿನಲ್ಲಿ ಕೂತು, ಸದ್ದು ಕೇಳಿ, "ಇದು ಇಂಜಿನ್ ಅಲ್ಲಮ್ಮ, ಮೋಟರು" ಅಂದರು. ಯಾಕೆ ಮಾಡಬೇಕಿತ್ತು ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

2009ರ ಮಾಡೆಲ್‌ನಲ್ಲಿ ರೋಟರಿಗೆ ಆಯಿಲ್ ಚಿಮ್ಮಿಸುವ ವ್ಯವಸ್ಥೆಯನ್ನು ಸುಧಾರಿಸಿದರು. ಕೊಳ್ಳುವುದೇ ಆದರೆ 2009 ಅಥವಾ ಆಮೇಲಿನದ್ದೇ ನೋಡಿ.

ಮೇಡಂ, ಗರಾಜಿನಿಂದ ಹೊರಗೆ ತೆಗೆದು ಆಫ್ ಮಾಡಿದೆ. ಅಷ್ಟೇ. ಈಗ ಸ್ಟಾರ್ಟೇ ಆಗುತ್ತಿಲ್ಲ. ಪೆಟ್ರೋಲ್ ವಾಸನೆ ಬರುತ್ತಿದೆ. ಇಂಜಿನ್ ಹೋಯಿತಾ? (ನ್ಯೂಜೆರ್ಸಿ)

ಹೋಗಿಲ್ಲ, ಗಾಬರಿಯಾಗಬೇಡಿ. ಇದು ನಮ್ಮ ಮನೆಯಲ್ಲೂ ಆಗಿದೆ, ತಪ್ಪು ನಮ್ಮದೇ. ಒಂದು ಜನವರಿ, ರಾತ್ರಿಯಿಡೀ ಹಿಮ ಬಿದ್ದಿತ್ತು. ಹಿಮ ಎತ್ತಲು ಜಾಗ ಬೇಕು ಅಂತ ನಮ್ಮ ಯಜಮಾನರು ಕಾರನ್ನು ಹತ್ತಡಿ ಹಿಂದಕ್ಕೆ ತಂದು ಆಫ್ ಮಾಡಿದರು. ಇಪ್ಪತ್ತು ಸೆಕೆಂಡ್ ಇರಬಹುದು. ಮಾರನೇ ದಿನ ಕೀ ತಿರುಗಿಸಿದರೆ ಬರೀ ಗಿರ್ ಗಿರ್. ಆವತ್ತು ನನ್ನ ಕೌಂಟರಿಗೆ ಬಂದ ಮೊದಲ ಟೋ ಟ್ರಕ್ಕಿನ ಮೇಲೆ ಇದ್ದದ್ದು ನನ್ನದೇ ಕೆಂಪು ಕಾರು. ಹುಡುಗರು ಒಂದು ವಾರ ಆಡಿಕೊಂಡರು.

ತಣ್ಣಗಿರುವ ಇಂಜಿನ್‌ಗೆ ಶುರುವಿನಲ್ಲಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಅದು ಒಳಗೇ ಉಳಿದು ಪ್ಲಗ್ ನೆನೆಯುತ್ತದೆ, ಸೀಲ್ ಮೇಲಿನ ಆಯಿಲ್ ತೊಳೆದುಹೋಗುತ್ತದೆ. 24 ಗಂಟೆ ರೇಸ್ ಓಡುವ ಜಾತಿಗೆ ಹತ್ತಡಿ ಓಡಾಟ ಆಗಿಬರುವುದಿಲ್ಲ, ನೋಡಿ.

ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ. ಹೀಗೆ ಒತ್ತಿ ಹಿಡಿದಾಗ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗಿದ್ದದ್ದು ಹೊರಗೆ ಹೋಗುತ್ತದೆ. ಆಗಲೂ ಏಳದಿದ್ದರೆ ಮತ್ತೆ ಮತ್ತೆ ತಿರುಗಿಸಿ ಬ್ಯಾಟರಿ ಕೊಲ್ಲಬೇಡಿ. ಪ್ಲಗ್ ಬಿಚ್ಚಿ ಒಣಗಿಸುವ ಕೆಲಸ ಗೊತ್ತಿರುವವರನ್ನು ಕರೆಯಿರಿ. ಇನ್ನು ಮುಂದೆ ಸ್ಟಾರ್ಟ್ ಮಾಡಿದರೆ ಬಿಸಿಯಾಗುವವರೆಗೆ ಓಡಿಸಿ ಬನ್ನಿ. ಗರಾಜಿನಿಂದ ಹೊರಗೆ ತರುವುದಷ್ಟೇ ಇದ್ದರೆ ನ್ಯೂಟ್ರಲ್‌ಗೆ ಹಾಕಿ ಮಗನನ್ನು ಕರೆದು ತಳ್ಳಿಸಿ.

ಅಂದಹಾಗೆ ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲವಾದರೂ ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ನೋಡಿ. ಈ ಇಂಜಿನ್ ಆಯಿಲ್ ಕುಡಿಯುವುದು ರೋಗ ಅಲ್ಲ. ಸೀಲ್‌ಗೆ ಜಾರಿಕೆ ಇರಲಿ ಅಂತ ಬೇಕೆಂದೇ ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತದೆ.

ಮನೆ ಹತ್ತಿರದ ಮೆಕ್ಯಾನಿಕ್ ಕೈಲಿ ಆಯಿಲ್ ಹಾಕಿಸಿದರೆ ಹೊಸ ಕಾರಿನ ವಾರಂಟಿ ಹೋಗುತ್ತಾ? (ಫೀನಿಕ್ಸ್)

ಹೋಗಲ್ಲ. ಅಮೆರಿಕದಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ. ನಮ್ಮಲ್ಲೇ ಸರ್ವಿಸ್ ಮಾಡಿಸಿ, ಇಲ್ಲದಿದ್ದರೆ ವಾರಂಟಿ ರದ್ದು ಅನ್ನುವ ಹಾಗಿಲ್ಲ. ಆದರೆ ಮಾಡಿಸಿದ್ದಕ್ಕೆ ರಸೀದಿ ಇರಲಿ, ಅದರಲ್ಲಿ ತಾರೀಕು, ಮೈಲಿ ಎರಡೂ ಇರಲಿ. ಮೇಲಿನ ಹುಡುಗನ ಕತೆ ಓದಿದಿರಲ್ಲ.

ದಿನಕ್ಕೆ ಎರಡು ಸಲ ಫೋನ್ ಬರುತ್ತದೆ, "ನಿಮ್ಮ ಕಾರಿನ ವಾರಂಟಿ ಮುಗಿಯುತ್ತಿದೆ" ಅಂತ. ನನ್ನ ಹತ್ತಿರ ಕಾರೇ ಇಲ್ಲ! (ಷಿಕಾಗೊ)

ಕಾರು ಇಲ್ಲದವರಿಗೂ ವಾರಂಟಿ ಮಾರುವ ಧೈರ್ಯ ಮೆಚ್ಚಬೇಕು. ಇಂಥ ಕರೆಗಳ ಒಂದು ದೊಡ್ಡ ಜಾಲವನ್ನು ತಡೆಯಿರಿ ಅಂತ ಅಮೆರಿಕದ ಫೋನ್ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2022ರಲ್ಲಿ ಫೋನ್ ಕಂಪನಿಗಳಿಗೆ ಆದೇಶ ಕೊಟ್ಟಿತು. 2023ರಲ್ಲಿ ಆ ಜಾಲಕ್ಕೆ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ಆದರೂ ಬರುತ್ತವೆ. ಯಾವ ಗುಂಡಿಯನ್ನೂ ಒತ್ತದೆ ಇಟ್ಟುಬಿಡಿ.

ಮಗ ಅಮೆರಿಕದಲ್ಲಿ ಆರ್‌ಎಕ್ಸ್-8 ಇಟ್ಟುಕೊಂಡಿದ್ದಾನೆ. ವಾಪಸ್ ಬರುವಾಗ ಬೆಂಗಳೂರಿಗೆ ತರುತ್ತಾನಂತೆ. ತರಬಹುದೇ? (ಜಯನಗರ, ಬೆಂಗಳೂರು)

ಭಾರತಕ್ಕೆ ಹಳೆ ಕಾರು ತರಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಆರ್‌ಎಕ್ಸ್-8 ತಯಾರಿಕೆ ನಿಂತದ್ದು 2012ರಲ್ಲಿ. ಅಮೆರಿಕದ ಕಾರಿಗೆ ಸ್ಟೀರಿಂಗ್ ಇರುವುದು ಎಡಗಡೆ. ಮಗನಿಗೆ ಅಲ್ಲೇ ಮಾರಿ ಬರಲು ಹೇಳಿ. ಕೊಳ್ಳುವವರು ಯಾರಾದರೂ ಕಂಪ್ರೆಷನ್ ಕೇಳಿದರೆ ಆರೂ ನಂಬರ್ ತೋರಿಸಲಿ.