ಮನೆ ಮಾರುವ ಮಾತು ಆಮೇಲೆ, ಮೊದಲು ಆಸ್ಪತ್ರೆ ಬಿಲ್ಲಿನ ಮಾತು

ಮಾಸ್ತರರೇ, ನಮಸ್ಕಾರ. ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಇವರು ಬಾಗಲಕೋಟೆಯ ಅನುದಾನಿತ ಹೈಸ್ಕೂಲಿನಿಂದ ನಿವೃತ್ತರಾದವರು, ವಯಸ್ಸು 67. ಮನೆಯವರಿಗೆ 64, ಬಹಳ ವರ್ಷದ ಶುಗರ್ ಇದೆ. ಪಿಂಚಣಿ 42 ಸಾವಿರ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಮೇಲೆ ನವನಗರದಲ್ಲಿ ಕಟ್ಟಿದ ಸ್ವಂತ ಮನೆ. ಒಬ್ಬನೇ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಹೋದ ವರ್ಷ ಅಲ್ಲಿನ ಪೌರತ್ವ ಸಿಕ್ಕಿದೆ. "ಮನಿ ಮಾರಿ ಬಂದಬಿಡ್ರಿ, ಗ್ರೀನ್ ಕಾರ್ಡ್ ಮಾಡಸ್ತೀನಿ, ಇನ್ಶೂರೆನ್ಸ್ ಎಲ್ಲಾ ನಾ ನೋಡ್ಕೋತೀನಿ" ಅಂತಾನೆ. ಗ್ರೀನ್ ಕಾರ್ಡ್ ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಪರವಾನಗಿ. ಇತ್ತ ಊರಿನ ಏಜೆಂಟರೊಬ್ಬರು ಗಂಡ ಹೆಂಡತಿ ಇಬ್ಬರಿಗೂ ಸೇರಿ 10 ಲಕ್ಷದ ಆರೋಗ್ಯ ವಿಮೆಗೆ ವರ್ಷಕ್ಕೆ 68 ಸಾವಿರ ಕೇಳಿದ್ದಾರೆ. ಮಾಸ್ತರರ ಪ್ರಶ್ನೆ ಇಷ್ಟು: ಅಷ್ಟು ದುಡ್ಡು ಇಲ್ಲಿ ಸುರಿಯೋದಕ್ಕಿಂತ ಮಗನ ಹತ್ತಿರ ಹೋಗೋದೇ ಅಗ್ಗ ಅಲ್ವಾ?

ಅಲ್ಲ. ಮಗನ ಹತ್ತಿರ ಹೋಗಬೇಡಿ ಅಂತ ಹೇಳುತ್ತಿಲ್ಲ, ಮೊಮ್ಮಗಳನ್ನು ನೋಡಬೇಡಿ ಅಂತಲೂ ಅಲ್ಲ. ಆದರೆ ಅಗ್ಗ ಅನ್ನುವ ಕಾರಣಕ್ಕೆ ಹೋಗುವುದಾದರೆ ಲೆಕ್ಕ ತಪ್ಪಿದೆ.

ನೀವು ಪತ್ರದ ಹಿಂದೆ ಎರಡು ಕಾಲಂ ಹಾಕಿ ಹಾಲು, ತರಕಾರಿ, ಕರೆಂಟ್ ಬಿಲ್ಲು, ಅಡುಗೆಗೆ ಬರುವ ಅಕ್ಕನ ಪಗಾರ ಎಲ್ಲಾ ಬರೆದಿದ್ದೀರಿ. ಅಮೆರಿಕದ ಕಾಲಂನಲ್ಲಿ ಮುಕ್ಕಾಲು ಕಡೆ ಸೊನ್ನೆ. ಸರಿ, ಊಟ ವಸತಿ ಮಗನದ್ದೇ. ಆದರೆ ಆಸ್ಪತ್ರೆ ಅನ್ನುವ ಸಾಲಿನಲ್ಲಿ "ಮಗನ ಇನ್ಶೂರೆನ್ಸ್" ಅಂತಷ್ಟೇ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ತೊಂದರೆ ಇರುವುದೆಲ್ಲ ಆ ಒಂದು ಸಾಲಿನಲ್ಲೇ.

ಇದು ನಿಮ್ಮೊಬ್ಬರ ತಿಳಿವಳಿಕೆ ಅಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳ ಆಫೀಸು ವಿಮೆಯಲ್ಲಿ ಅಪ್ಪ ಅಮ್ಮನನ್ನೂ ಸೇರಿಸುವುದು ಮಾಮೂಲು. ಅದನ್ನು ನೋಡಿ ನೋಡಿ ಅಮೆರಿಕದಲ್ಲೂ ಹಾಗೇ ಅಂದುಕೊಳ್ಳುತ್ತೇವೆ. ಅಲ್ಲಿನ ಆಫೀಸು ವಿಮೆ ಸಾಮಾನ್ಯವಾಗಿ ಹೆಂಡತಿ, ಮಕ್ಕಳಿಗಷ್ಟೇ. ತಂದೆ ತಾಯಿಗೆ ಜಾಗ ಇರುವುದಿಲ್ಲ. ಹಾಗಾಗಿ "ನಾ ನೋಡ್ಕೋತೀನಿ" ಅಂದರೆ ಅವನು ತನ್ನ ಜೇಬಿನಿಂದ ಬೇರೆ ವಿಮೆ ಕೊಳ್ಳಬೇಕು ಅಂತಲೇ ಅರ್ಥ.

ಇನ್ನು ಮೆಡಿಕೇರ್. 65 ದಾಟಿದವರಿಗೆ ಅಲ್ಲಿನ ಸರ್ಕಾರದ ವಿಮೆ ಇದೆ ಅಂತ ನೀವು ಕೇಳಿದ್ದು ನಿಜ. ಆದರೆ ಅದರ ಆಸ್ಪತ್ರೆ ಭಾಗ, ಅಂದರೆ ಪಾರ್ಟ್ ಎ, ಕಂತಿಲ್ಲದೆ ಸಿಗುವುದು ಅಲ್ಲಿ ಸುಮಾರು 10 ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ, ಇಲ್ಲವೇ ಅಂಥವರ ಗಂಡ ಅಥವಾ ಹೆಂಡತಿಗೆ. ನಿಮ್ಮಂತೆ ಹೋದವರು ಮೊದಲು ಗ್ರೀನ್ ಕಾರ್ಡ್ ಮೇಲೆ 5 ವರ್ಷ ಅಲ್ಲೇ ವಾಸ ಮಾಡಬೇಕು. ಆಮೇಲೂ ದುಡ್ಡು ಕೊಟ್ಟೇ ಕೊಳ್ಳಬೇಕು. 2026ರಲ್ಲಿ ಪಾರ್ಟ್ ಎ ಕಂತು ತಿಂಗಳಿಗೆ ಒಬ್ಬರಿಗೆ 565 ಡಾಲರ್, ಡಾಕ್ಟರ ಖರ್ಚಿನ ಪಾರ್ಟ್ ಬಿ 202.90 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ ಇಬ್ಬರಿಗೂ ಸೇರಿ ತಿಂಗಳಿಗೆ ಸುಮಾರು 1 ಲಕ್ಷ 38 ಸಾವಿರ. ವರ್ಷಕ್ಕಲ್ಲ ಮಾಸ್ತರರೇ, ತಿಂಗಳಿಗೆ. ಪಾರ್ಟ್ ಬಿ ಒಂದೇ ಸಾಕು ಅಂದರೂ 36 ಸಾವಿರ ದಾಟುತ್ತದೆ, ನಿಮ್ಮ ಪಿಂಚಣಿಯಲ್ಲಿ ಚಹಾಪುಡಿಗಷ್ಟು ಉಳಿಯಬಹುದು. ಇಷ್ಟು ಕೊಟ್ಟಮೇಲೂ ಪಾರ್ಟ್ ಬಿಯಲ್ಲಿ ಸಾಮಾನ್ಯವಾಗಿ ಬಿಲ್ಲಿನ 20 ಪರ್ಸೆಂಟ್ ನಿಮ್ಮದೇ. ಮಾಮೂಲಿ ಹಲ್ಲಿನ ಚಿಕಿತ್ಸೆ, ಕನ್ನಡಕ, ಕಿವಿಯ ಮಿಷನ್ ಇವ್ಯಾವುದೂ ಅದರಲ್ಲಿ ಬರುವುದಿಲ್ಲ. ಹಾಸಿಗೆ ಹಿಡಿದಾಗ ಸ್ನಾನ ಮಾಡಿಸಲು, ಎಬ್ಬಿಸಿ ಕೂರಿಸಲು ಒಬ್ಬರನ್ನು ಇಟ್ಟುಕೊಂಡರೆ ಆ ಖರ್ಚೂ ಬರುವುದಿಲ್ಲ. ನಿಮ್ಮ ಮನೆಯವರ ಮೊಣಕಾಲಿನ ಸ್ಥಿತಿ ನೀವೇ ಬರೆದಿದ್ದೀರಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲ 5 ವರ್ಷ? ಖಾಸಗಿ ವಿಮೆ. ಗ್ರೀನ್ ಕಾರ್ಡ್ ಇದ್ದವರು ಅಲ್ಲಿ ಸರ್ಕಾರವೇ ನಡೆಸುವ ವಿಮೆ ಸಂತೆ, ಅಂದರೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಳ್ಳಬಹುದು, ಶುಗರ್ ಇದೆ ಅಂತ ಕೊಡಲ್ಲ ಅನ್ನುವ ಹಾಗಿಲ್ಲ, ಅದೊಂದು ಒಳ್ಳೆಯದು. ಆದರೆ ನಿಮ್ಮ ವಯಸ್ಸಿನವರಿಂದ 21ರ ಹುಡುಗನಿಗಿಂತ ಮೂರು ಪಟ್ಟು ಕಂತು ಕೇಳಲು ಕಾನೂನಿನಲ್ಲೇ ಅವಕಾಶ ಇದೆ. ಮಗನಿಗೆ ಮನೆ ಸಾಲದ ಕಂತಿದೆ, ಮಗಳ ಡೇಕೇರ್ ಫೀ ಇದೆ ಅಂತ ನೀವೇ ಹೇಳಿದ್ದೀರಿ.

ಇನ್ನೊಂದು ಮಾತು, ಇದನ್ನು ಗ್ರೀನ್ ಕಾರ್ಡ್ ಉತ್ಸಾಹದಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ತೆಗೆದುಕೊಂಡರೆ ನೀವು ಅಲ್ಲಿನ ನಿವಾಸಿ. ನಿಮ್ಮ ಇಲ್ಲಿನ ಪಿಂಚಣಿ, ಅಂಚೆ ಕಚೇರಿ ಬಡ್ಡಿ ಎಲ್ಲವನ್ನೂ ಅಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಇಲ್ಲಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್‌ಗಿಂತ ಜಾಸ್ತಿ ಇದ್ದರೆ ಅದಕ್ಕೆ ಬೇರೆ ವರದಿ. ನಿಮ್ಮ 15 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ, 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 30,750 ಬರುತ್ತಿದೆ. ಅನಿವಾಸಿ ಆದಮೇಲೆ ಆ ಯೋಜನೆಯಲ್ಲಿ ಹೊಸ ಖಾತೆ ತೆರೆಯಲು ಆಗುವುದಿಲ್ಲ. ಮತ್ತೆ, ಆರು ತಿಂಗಳು ಅಲ್ಲಿ ಆರು ತಿಂಗಳು ಇಲ್ಲಿ ಅಂತ ನೀವು ಕನಸು ಕಂಡಿದ್ದೀರಲ್ಲ, ಗ್ರೀನ್ ಕಾರ್ಡ್ ಇರುವುದು ಅದಕ್ಕಲ್ಲ. ಮುಂಚೆಯೇ ಅನುಮತಿ ಪತ್ರ ತೆಗೆದುಕೊಳ್ಳದೆ ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಕಾರ್ಡೇ ಕೈಬಿಡಬಹುದು, ಪದೇ ಪದೇ ಹೋಗಿ ಬಂದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ.

ಆರಾರು ತಿಂಗಳೇ ಬೇಕು ಅಂದರೆ ವಿಸಿಟರ್ ವೀಸಾ ಸರಿ. ಯುಗಾದಿ ಮುಗಿಸಿಕೊಂಡು ಹೊರಡಿ, ಆರು ತಿಂಗಳು ಮೀರದಂತೆ ದಸರೆಯ ಹೊತ್ತಿಗೆ ಊರಿಗೆ ಬನ್ನಿ. ಬಾಗಲಕೋಟೆಯ ಬಿಸಿಲೂ ತಪ್ಪುತ್ತದೆ, ಅಲ್ಲಿನ ಹಿಮವೂ ತಪ್ಪುತ್ತದೆ, ಮೊಣಕಾಲು ಬದುಕಿಕೊಳ್ಳುತ್ತದೆ. ಆದರೆ ವಿಸಿಟರ್ ವಿಮೆ ಕೊಳ್ಳುವಾಗ ಹುಷಾರು. ಅಗ್ಗದ್ದು ಒಂದೊಂದು ಚಿಕಿತ್ಸೆಗೆ ಇಂತಿಷ್ಟೇ ಅಂತ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಉಳಿದ ಬಿಲ್ಲು ಮಗನ ತಲೆಗೆ. ಹಳೇ ಕಾಯಿಲೆಗಳಿಗೆ ಬಹುತೇಕ ಪಾಲಿಸಿಗಳು ಏಕಾಏಕಿ ಉಲ್ಬಣಿಸಿದಾಗ ಮಾತ್ರ ಕೊಡುತ್ತವೆ, ಅದೂ ಒಂದು ಮಿತಿಯವರೆಗೆ. ಶುಗರ್ ತಪಾಸಣೆ, ಮಾತ್ರೆ ಇವೆಲ್ಲ ಕೈಯಿಂದಲೇ. ಇಲ್ಲಿಂದಲೇ ಮಾತ್ರೆ ಒಯ್ಯಿರಿ, ಸ್ಟ್ರಿಪ್ಪಿನ ಜೊತೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನ ಸಮೇತ ಇರಲಿ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಕೆನಡಾದಲ್ಲಿ ಮಕ್ಕಳಿರುವ ಓದುಗರಿಗೆ ಒಂದು ಮಾತು: ಅಲ್ಲಿ ತಂದೆ ತಾಯಿಗೆ ಸೂಪರ್ ವೀಸಾ ಇದೆ, ಒಮ್ಮೆ ಹೋದರೆ 5 ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ವಿಮೆ ಕಡ್ಡಾಯ.

ಈಗ ಊರಿನ ಲೆಕ್ಕ. ಇಲ್ಲೆಲ್ಲ ಸುಖ ಅಂತ ನಾನು ಹೇಳಲ್ಲ. ನಿಮಗೆ ಕುಮಾರೇಶ್ವರ ಆಸ್ಪತ್ರೆ ಊರಲ್ಲೇ ಇದೆ, ದೊಡ್ಡದೇನಾದರೂ ಬಂದರೆ ನಮ್ಮ ಬೆಳಗಾವಿಯ ಕೆಎಲ್ಇ ಇದೆ. ಆದರೆ ವಿಮೆ ಇಲ್ಲದೆ ಹೋದರೆ ಇಲ್ಲೂ ನಿವೃತ್ತಿ ದುಡ್ಡು ಕರಗಲು ಬಹಳ ದಿನ ಬೇಕಾಗಿಲ್ಲ. 68 ಸಾವಿರ ಜಾಸ್ತಿ ಅನಿಸುತ್ತದೆ, ನಿಜ. ಏಜೆಂಟರು ಅದರಲ್ಲಿ ಜಿಎಸ್‌ಟಿ ಸೇರಿಸಿದ್ದಾರಾ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ 18 ಪರ್ಸೆಂಟ್ ಜಿಎಸ್‌ಟಿ ಪೂರ್ತಿ ಹೋಗಿದೆ. 60 ದಾಟಿದವರ ಕಂತನ್ನು ವರ್ಷಕ್ಕೆ 10 ಪರ್ಸೆಂಟ್ ಮೀರಿ ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯನ್ನು ಮೊದಲು ಕೇಳಬೇಕು, ಇದೂ 2025ರಲ್ಲಿ ಬಂದ ನಿಯಮ.

ಮುಖ್ಯವಾದದ್ದು ಕಾಯುವ ಅವಧಿ. ಹಳೇ ಕಾಯಿಲೆಗೆ ಕಂಪನಿ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. ಈಗ 67ಕ್ಕೆ ಪಾಲಿಸಿ ಮಾಡಿದರೆ ನಿಮ್ಮ 70ಕ್ಕೆ ಮನೆಯವರ ಶುಗರ್ ಸಂಬಂಧದ ಚಿಕಿತ್ಸೆಯೂ ಒಳಗೆ ಬರುತ್ತದೆ. ಈಗ ಮಾಡದೆ ಹೋಗಿ, ಅಲ್ಲಿ ಒಗ್ಗದೆ 72ಕ್ಕೆ ವಾಪಸ್ ಬಂದು ಆಗ ಶುರು ಮಾಡಿದರೆ 75 ಆಗುತ್ತದೆ, ಕಂತೂ ಆ ವಯಸ್ಸಿನದ್ದೇ. ಅದಕ್ಕೇ ಹೇಳುವುದು, ನೀವು ಎಲ್ಲೇ ಇರಿ, ಇಲ್ಲಿನ ಪಾಲಿಸಿ ತಪ್ಪಬಾರದು. ಶುಗರ್ ಇರುವುದನ್ನು ಅರ್ಜಿಯಲ್ಲಿ ಬರೆಯಿರಿ. ಏಜೆಂಟರು "ಸುಮ್ನೆ ಯಾಕೆ ಬರೀತೀರಿ ಸರ್" ಅಂದರೂ ಬರೆಯಿರಿ.

ರೂಮ್ ಬಾಡಿಗೆಯ ಮಿತಿಯನ್ನೂ ನೋಡಿ. ಪಾಲಿಸಿಯಲ್ಲಿ ದಿನಕ್ಕೆ 5,000 ಇದ್ದು ನೀವು 8,000ದ ರೂಮಿಗೆ ಹೋದರೆ ಮೇಲಿನ 3,000 ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿಯುವುದಿಲ್ಲ. ಔಷಧ, ಸ್ಟೆಂಟ್, ತಪಾಸಣೆ ಇಂಥವನ್ನು ಬಿಟ್ಟು ಡಾಕ್ಟರ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ, ಅಂದರೆ 8 ರೂಪಾಯಿಗೆ 3 ರೂಪಾಯಿಯಂತೆ, ಕತ್ತರಿಸಬಹುದು. ಒಂದೂವರೆ ಲಕ್ಷದ ಅಂಥ ಖರ್ಚಿನಲ್ಲಿ 56 ಸಾವಿರದಷ್ಟು ನಿಮ್ಮ ಮೇಲೆ ಬೀಳುತ್ತದೆ. ಮಿತಿಯಿಲ್ಲದ ಪಾಲಿಸಿಗೆ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ.

70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡಿತು. ನಿಮಗೆ ಇನ್ನೂ 3 ವರ್ಷ ಇದೆ. ಅದನ್ನೇ ನಂಬಿ ಕೂರಬೇಡಿ, ನೀವು ಹೋಗುವ ಆಸ್ಪತ್ರೆಯ ಕೌಂಟರಿನಲ್ಲೇ ಆಗ ವಿಚಾರಿಸಿ.

ಮನೆ ಮಾರುವ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕೆಳಗಿನ ಭಾಗ ಬಾಡಿಗೆಗೆ ಕೊಡಿ, ಮೇಲಿನ ಎರಡು ಕೋಣೆಗೆ ಬೀಗ ಹಾಕಿಕೊಂಡು ಒಂದು ಬೇಸಿಗೆ ಹೋಗಿ ಬನ್ನಿ. ನವೆಂಬರಿನ ಜೀವನ ಪ್ರಮಾಣಪತ್ರಕ್ಕೂ ಊರಲ್ಲೇ ಇರುತ್ತೀರಿ. ಮತ್ತೆ, ಈ ಭಾನುವಾರ ಮಗ ಫೋನ್ ಮಾಡಿದಾಗ ಗ್ರೀನ್ ಕಾರ್ಡ್ ವಿಷಯ ಬಿಟ್ಟು ಒಂದೇ ಮಾತು ಕೇಳಿ: ನಿಮ್ಮಿಬ್ಬರ ವಯಸ್ಸು ಹಾಕಿ ಅಲ್ಲಿನ ಖಾಸಗಿ ವಿಮೆಯ ತಿಂಗಳ ಕಂತು ಎಷ್ಟು, ಆಸ್ಪತ್ರೆ ಸೇರಿದರೆ ಮೊದಲು ಕೈಯಿಂದ ಕಟ್ಟಬೇಕಾದ್ದು ಎಷ್ಟು ಅಂತ ನೋಡಿ ವಾಟ್ಸಾಪಿನಲ್ಲಿ ಕಳಿಸಲಿ. ಆ ಅಂಕಿ ಬಂದಮೇಲೆ ನಿಮ್ಮ ಕಾಲಂ ಮತ್ತೆ ಹಾಕಿ, ಬೇಕಾದರೆ ನನಗೂ ಕಳಿಸಿ.